ತಾಲೀಮಿನಲ್ಲಿ ತಯಾರಾಗುವ ನಾಟಕ

ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ತೀರದ ತುಬಚಿಯಿಂದ ಹಿಡಿದು ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲೆಲ್ಲ ಜಾತ್ರೆಗೂ ನಾಟಕಕ್ಕೂ ಬಿಡಿಸಲಾಗದ ನಂಟು. ಊರ ಹುಡುಗರೇ ಪಾತ್ರಧಾರಿಗಳು, ಖರ್ಚಿಗೆ ಊರವರದೇ ಪಟ್ಟಿ. ಎಷ್ಟೋ ಕಡೆ ಕವಿಯೂ ಊರವನೇ, ನಾಟಕ ಕಲಿಸುವ ಮಾಸ್ತರನೂ ಅವನೇ. ಬರೆದ ಕೈಯೇ ತಾಲೀಮು ನಡೆಸುತ್ತ ಬರೆದದ್ದನ್ನು ತಿದ್ದುತ್ತದೆ. ಇದನ್ನು ‘ಮೂಲ ಕೆಡಿಸುವುದು’ ಎಂದು ಹೀಗಳೆಯುವವರಿದ್ದಾರೆ. ಈ ನೆಲದ ರಂಗಭೂಮಿಯ ಚರಿತ್ರೆ ಮಾತ್ರ ಬೇರೆಯೇ ಹೇಳುತ್ತದೆ.

‘ಶ್ರೀಕೃಷ್ಣ ಪಾರಿಜಾತ’ವನ್ನೇ ನೋಡಿ. ಅದನ್ನು ಮೊದಲು ರಚಿಸಿದವರು ಅಪರಾಳ ತಮ್ಮಣ್ಣ. ಪರಿಷ್ಕರಿಸಿ, ಆಟವಾಗಿ ಜನರ ಮುಂದೆ ನಿಲ್ಲಿಸಿದವರು ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದರು. ಒಬ್ಬರು ಬರೆದದ್ದು, ಒಬ್ಬರು ತಿದ್ದಿದ್ದು, ಮತ್ತೊಬ್ಬರು ಆಡಿ ಬೆಳೆಸಿದ್ದು ಸೇರಿಯೇ ಇಂದಿನ ಪಾರಿಜಾತ.

ಆ ಆಟದ ಕಟ್ಟಡದಲ್ಲೇ ತಿದ್ದುವಿಕೆಗೆ ಜಾಗವಿದೆ. ಹಾಡು ಬಹುಮಟ್ಟಿಗೆ ಕಟ್ಟಿಟ್ಟದ್ದು, ಮಾತಿಗೆ ಸಡಿಲ ಹೆಚ್ಚು. ಸತ್ಯಭಾಮೆ ಗತ್ತಿನಿಂದ ತನ್ನ ಹಿರಿಮೆ ಹಾಡಿಕೊಂಡರೆ, ಭಾಗವತ ಊರಿನ ಆಡುಮಾತಿನಲ್ಲೇ ಅವಳನ್ನು ಕೆಣಕುತ್ತಾನೆ. ಮುಂದೆ ಕುಳಿತವರ ಹದ ನೋಡಿ ಪ್ರಶ್ನೆ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆದರೂ ಪಾರಿಜಾತದ ಹೂವಿಗಾಗಿ ಹುಟ್ಟಿದ ಮುನಿಸಿನ ಎಳೆ ತಪ್ಪುವುದಿಲ್ಲ. ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಊರ ನಾಟಕದ ಮಾಸ್ತರನಿಗೆ ತಿದ್ದುವ ಕಾರಣಗಳು ತಾಲೀಮಿನಲ್ಲೇ ಸಿಗುತ್ತವೆ. ಕಬ್ಬಿನ ಹೊಲದಿಂದ ಬಂದು, ಉಂಡು, ಗುಡಿಯ ಕಟ್ಟೆಗೆ ಸೇರಿದ ಹುಡುಗ ದಿನಾಲೂ ಒಂದೇ ಸಾಲಿನಲ್ಲಿ ಎಡವುತ್ತಾನೆ. ಹಾರ್ಮೋನಿಯಂ ಪೇಟಿ ನಿಲ್ಲುತ್ತದೆ. “ತಮ್ಮಾ, ಪುಸ್ತಕಾ ಬಾಜೂಕ ಇಡು. ನಿಮ್ಮಪ್ಪ ಸಿಟ್ಟಿಗೆದ್ದರ ಹೆಂಗ ಬೈತಾನ? ಹಂಗ ಅನ್ನು,” ಎಂದು ಮಾಸ್ತರ ಹೇಳಿದರೆ, ಹುಡುಗನ ಬಾಯಿಂದ ಬರುವುದು ಗ್ರಾಂಥಿಕ ಸಾಲಿನ ಅರ್ಧದಷ್ಟು ಮಾತು, ಎರಡರಷ್ಟು ಕಸುವು. ಅದನ್ನೇ ಬರೆದುಕೊಳ್ಳಬೇಕು. ಎಡವಿದವನು ನಟನಲ್ಲ, ಆ ಸಾಲು ಎಂದು ಒಪ್ಪುವ ದೊಡ್ಡ ಮನಸ್ಸು ಕವಿಗೆ ಬೇಕು.

ತಿದ್ದುವುದಕ್ಕೂ ಶಿಸ್ತಿದೆ. ಹೆಣ್ಣು ಪಾತ್ರಗಳಿಗೆಂದು ಹೊರಗಿನ ಊರುಗಳಿಂದ ಬರುವ ವೃತ್ತಿ ಕಲಾವಿದೆಯರು ತಾಲೀಮಿನ ಕೊನೆಗಷ್ಟೇ ಬಂದು ಸೇರುವುದು ಹೆಚ್ಚು. ಅವರಿಗೆ ಎದುರು ಪಾತ್ರದ ಕೊನೆಯ ಮಾತೇ ಆಧಾರ. ಅದು ಬದಲಾದರೆ ಅವರು ರಂಗದ ಮೇಲೆ ಕಾಯುತ್ತ ನಿಲ್ಲಬೇಕಾಗುತ್ತದೆ. ಆದ್ದರಿಂದ ಅವರ ದೃಶ್ಯಗಳನ್ನು ಮೊದಲೇ ಗಟ್ಟಿ ಮಾಡಬೇಕು. ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುವವನ ಪ್ರತಿಯಲ್ಲಿ ಪ್ರತಿ ತಿದ್ದುಪಡಿಯೂ ಅದೇ ರಾತ್ರಿ ಏರಬೇಕು. ಪಟ್ಟಿ ಕೊಟ್ಟವರ ಮಗನಿಗೊಂದು ಪಾರ್ಟು ಬೇಕೆಂದಾಗ ಹೊಸ ಪಾತ್ರ ಹುಟ್ಟಲಿ, ತಪ್ಪಿಲ್ಲ. ಆದರೆ ಅದು ಕಥೆಗೆ ಒಂದು ಕೆಲಸ ಮಾಡಿಕೊಡಬೇಕು.

ರಂಗದ ಅನುಭವ ಬರಹವನ್ನು ಹೇಗೆ ಹದಗೊಳಿಸುತ್ತದೆ ಎಂಬುದಕ್ಕೆ ಇದೇ ಬಾಗಲಕೋಟೆ ಜಿಲ್ಲೆಯ ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿ ಸಾಕ್ಷಿ; ಅವರು ನಾಟಕ ಕಂಪನಿಗಳಲ್ಲಿ ನಟರಾಗಿ ಪಳಗಿದವರು. ಅವರ ‘ಸಂಪತ್ತಿಗೆ ಸವಾಲ್’ ಹಳ್ಳಿಹಳ್ಳಿಯಲ್ಲಿ ಆಡಲ್ಪಟ್ಟು, 1974ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ಸಿನಿಮಾ ಆಯಿತು. ರಂಗದ ಮೇಲೆ ನಿಂತು ಬಲ್ಲವನ ಬರಹ ನಟನ ನಾಲಿಗೆಗೆ ಒಗ್ಗುತ್ತದೆ.

ಕೊರತೆ ಇರುವುದು ಬೇರೆಡೆ. ಜಾತ್ರೆ ಮುಗಿದ ಮೇಲೆ ಗೀಚು, ಕಾಟುಗಳಿಂದ ತುಂಬಿದ ತಾಲೀಮಿನ ಪ್ರತಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ಊರೆಲ್ಲ ಸೇರಿ ತಿದ್ದಿದ ನಾಟಕ ಅಲ್ಲಿಗೇ ಕಳೆದುಹೋಗುತ್ತದೆ. ನಾಟಕ ಸಂಘಗಳು ಆಡಿದ ರೂಪವನ್ನು ಶುದ್ಧಪ್ರತಿ ಮಾಡಿ ಊರ ಗ್ರಂಥಾಲಯದಲ್ಲಿ ಇಡಬೇಕು; ಬರೆದವರ ಹೆಸರಿನ ಜೊತೆ ತಿದ್ದಿದವರ ಹೆಸರೂ ಅದರಲ್ಲಿರಬೇಕು. ಪಾರಿಜಾತ ಇಬ್ಬರು ತಮ್ಮಣ್ಣರನ್ನೂ ನೆನಪಿನಲ್ಲಿ ಉಳಿಸಿದೆ. ನಮ್ಮ ಊರ ಕವಿಗಳಿಗೂ ಮಾಸ್ತರರಿಗೂ ಅಷ್ಟು ನ್ಯಾಯ ಸಲ್ಲಲೇಬೇಕು.