ಬೆಳಕು ನುಸುಳದ ಮೂಲೆ

ಕಬ್ಬಿಣದ ತುಂಡನ್ನು ಕಿಟಕಿಯತ್ತ ಎತ್ತಿ ಹಿಡಿದು, ಮೂಲೆಗೆ ಲಂಬಕೋನ ನೋಡುವ ಟ್ರೈ ಸ್ಕ್ವೇರ್ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಬೇಕು. ನಡುವೆ ಕೂದಲೆಳೆಯಷ್ಟು ಬೆಳಕು ಇಣುಕಿದರೂ ಆ ತುಂಡು, ಅಂದರೆ ಜಾಬ್, ಮತ್ತೆ ವೈಸ್‌ಗೆ!

ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಸೇರಿದವರಿಗೆ ಮೊದಮೊದಲು ಸಿಗುವ ಕೆಲಸ ಅರ ಉಜ್ಜುವುದು. ಎಡಗಾಲು ಮುಂದೆ, ಬಲಗೈಯಲ್ಲಿ ಹಿಡಿ, ಎಡ ಅಂಗೈ ಅರದ ತುದಿಯ ಮೇಲೆ. ತಳ್ಳುವಾಗ ಮಾತ್ರ ಭಾರ, ಹಿಂದಕ್ಕೆಳೆಯುವಾಗ ಹಗುರ. ಕೈ ತೂಗಿತೋ, ಮೇಲ್ಮೈ ಕವುಚಿಟ್ಟ ದೋಣಿಯಂತೆ ನಡುವೆ ಉಬ್ಬುತ್ತದೆ. ಹಲ್ಲಿನ ಸಂದಿಗೆ ಪುಡಿ ಕಚ್ಚದಿರಲೆಂದು ಅರಕ್ಕೆ ಸೀಮೆಸುಣ್ಣ ಬಳಿಯುತ್ತಾರೆ. ಬೊಬ್ಬೆ ಒಡೆದು ಅಂಗೈ ಗಟ್ಟಿಯಾಗುವ ಹೊತ್ತಿಗೆ ಕಣ್ಣೂ ಪಳಗಿರುತ್ತದೆ.

ಆದರೆ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಶೆಡ್ಡುಗಳು ಬೋರ್ಡು ಹಾಕುವುದು ಕಂಪ್ಯೂಟರ್ ಹಿಡಿತದಲ್ಲಿ ಓಡುವ ಯಂತ್ರದ, ಅಂದರೆ ಸಿಎನ್‌ಸಿ ಆಪರೇಟರ್‌ಗಾಗಿ.

ಕಾರ್ಖಾನೆಯ ಬೇಡಿಕೆಗೆ ಪಾಠ ಹೊಂದಿಸುವ ಯತ್ನ ಹೊಸದೇನಲ್ಲ. ಕುಶಲಕರ್ಮಿ ತರಬೇತಿ ಯೋಜನೆ 1950ರದು, ಅಪ್ರೆಂಟಿಸ್ ಕಾಯ್ದೆ 1961ರದು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲೇ ಕಳೆಯುತ್ತದೆ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜತೆಗೂಡಿ ರಾಜ್ಯ ಸರ್ಕಾರ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿತು. ರೋಬೋಟುಗಳೂ ಬಂದವು.

ತೊಡಕಿರುವುದು ಕೆಲಸಕ್ಕೆ ಸೇರಿದ ಮೇಲೆ. ಸಿಎನ್‌ಸಿ ಶಾಪಿನಲ್ಲಿ ಮೂರು ಮೆಟ್ಟಿಲು. ಆಪರೇಟರ್ ಜಾಬ್ ಕಟ್ಟಿ, ಬಾಗಿಲೆಳೆದು, ಹಸಿರು ಗುಂಡಿ ಒತ್ತಿ, ಮುಗಿದದ್ದನ್ನು ಬಿಚ್ಚಿ ಅಳೆಯುತ್ತಾನೆ. ಸೆಟ್ಟರ್ ಟೂಲ್ ಆಫ್‌ಸೆಟ್ ಕೊಟ್ಟು ಯಂತ್ರವನ್ನು ಅಣಿಗೊಳಿಸುತ್ತಾನೆ. ಪ್ರೋಗ್ರಾಮರ್ ಕೋಡ್ ಬರೆಯುತ್ತಾನೆ. ಶಿಫ್ಟಿನ ಲೆಕ್ಕ ಮುಟ್ಟಿಸಲೇಬೇಕಾದ ಸೂಪರ್‌ವೈಸರ್‌ಗೆ ಗುಂಡಿ ಒತ್ತುವ ಕೈ ಬಿಡುವಾಗುವುದು ಬೇಡ. ಸೆಟ್ಟಿಂಗ್ ಕಲಿಸಲು ಯಂತ್ರ ನಿಲ್ಲಿಸಿದರೆ ಆ ಹೊತ್ತಿನ ಪ್ರೊಡಕ್ಷನ್ ಹೋದಂತೆಯೇ. ಹಾಗಾಗಿ ಎಷ್ಟೋ ಹುಡುಗರು ಮೊದಲ ಮೆಟ್ಟಿಲಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಾರೆ. ಊಟದ ಬಿಡುವಿನಲ್ಲಿ ಸೆಟ್ಟರ್ ಅಣ್ಣನ ಬೆನ್ನು ಹತ್ತಿದವನು ಮೇಲೇರುತ್ತಾನೆ. ಏರಿದವನು ಹೆಚ್ಚು ಸಂಬಳಕ್ಕೆ ಪಕ್ಕದ ಶೆಡ್ಡಿಗೆ ಹಾರುತ್ತಾನೆ. ಕಲಿಸಿದರೆ ಬಿಟ್ಟುಹೋಗುತ್ತಾರೆಂದು ಮಾಲೀಕರು, ಕಲಿಸುವುದಿಲ್ಲವೆಂದೇ ಬಿಟ್ಟೆವೆಂದು ಹುಡುಗರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಯಂತ್ರ ನಿಲ್ಲಿಸುವ ಅಧಿಕಾರ ಇರುವುದು ಒಬ್ಬರಿಗೆ ಮಾತ್ರ.

ಅರ ಹಿಡಿದ ಕೈಗೆ ಈಗಲೂ ಬೆಲೆಯಿರುವ ಜಾಗ ಅಚ್ಚು ತಯಾರಿಸುವ ಟೂಲ್ ರೂಮ್. ಅಚ್ಚಿನ ಒಂದು ಮುಖಕ್ಕೆ ನೀಲಿ ಬಳಿದು ಇನ್ನೊಂದನ್ನು ಒತ್ತುತ್ತಾರೆ. ನೀಲಿ ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಕೈಯಿಂದಲೇ ತೀಡಬೇಕು. ಎಷ್ಟು ತೀಡಬೇಕೆಂಬುದು ಪ್ರೋಗ್ರಾಮಿನಲ್ಲಿರುವುದಿಲ್ಲ.

ಹೊಸ ಯಂತ್ರಗಳ ಕೋಣೆಗೆ ಎಸಿ ಹಾಕಿಸುವಾಗ ಕಿಟಕಿ ಮುಚ್ಚಿಸುತ್ತಾರೆ. ಟ್ರೈ ಸ್ಕ್ವೇರ್ ಎತ್ತಿ ಹಿಡಿಯಲು ಬಿಸಿಲು ಬೇಕೆಂದರೆ ಸಾಲು ವೈಸ್‌ಗಳ ಹಳೆಯ ಶೆಡ್ಡಿಗೇ ಹೋಗಬೇಕು.