ಮಧುಮೇಹ: ಹೆಸರು ಹೇಳುವುದೇನು?

‘ನಾನು ಸಕ್ಕರೆಯನ್ನು ಮುಟ್ಟುವುದೇ ಇಲ್ಲ, ನನಗೇಕೆ ಸಕ್ಕರೆ ಕಾಯಿಲೆ ಬಂತು ಡಾಕ್ಟರೇ?’ ಚಿಕಿತ್ಸಾಲಯದಲ್ಲಿ ನಾನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ಇದನ್ನು ಹುಟ್ಟಿಸಿದ್ದು ರೋಗದ ಹೆಸರು.

ಸಂಸ್ಕೃತದ ‘ಮಿಹ್’ ಧಾತುವಿಗೆ ಸುರಿಸು, ಮೂತ್ರ ವಿಸರ್ಜಿಸು ಎಂಬ ಅರ್ಥಗಳಿವೆ. ಅದರಿಂದ ‘ಮೇಹ’. ‘ಪ್ರ’ ಉಪಸರ್ಗ ಸೇರಿದರೆ ಪ್ರಮೇಹ, ಎಂದರೆ ಮೂತ್ರವು ಅತಿಯಾಗಿ ಹೋಗುವ ರೋಗ. ಆಯುರ್ವೇದದಲ್ಲಿ ಪ್ರಮೇಹಗಳು ಇಪ್ಪತ್ತು: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಜೇನಿನಂತಹ ಮೂತ್ರವುಳ್ಳ ಮಧುಮೇಹವು ವಾತದ ನಾಲ್ಕರಲ್ಲಿ ಒಂದು. ಯಾವುದೇ ಪ್ರಮೇಹವನ್ನು ಅಲಕ್ಷಿಸಿದರೆ ಅದು ಕಾಲಕ್ರಮದಲ್ಲಿ ಮಧುಮೇಹವಾಗುತ್ತದೆಂಬುದು ಸುಶ್ರುತರ ಮತ. ನಾವು ಇಂದು ಮೊದಲ ದಿನದಿಂದಲೇ ಬಳಸುವ ಪದವು ಮೂಲದಲ್ಲಿ ಬಲಿತ ರೋಗದ ಹೆಸರಾಗಿತ್ತು!

ಗ್ರೀಕ್ ವೈದ್ಯ ಅರೆಟೇಯಸ್ ಬಳಸಿದ ‘ಡಯಾಬಿಟಿಸ್’ ಪದಕ್ಕೆ ‘ಹಾದುಹೋಗುವುದು’ ಎಂದರ್ಥ. ಕುಡಿದ ನೀರು ದೇಹದಲ್ಲಿ ನಿಲ್ಲದೆ ಹರಿದುಹೋಗುತ್ತದೆಂಬ ಭಾವ. ಅಲ್ಲಿ ಸಿಹಿಯ ಸುಳಿವಿಲ್ಲ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ರೋಗಿಯ ಮೂತ್ರದ ಸಿಹಿಯನ್ನು ಕುರಿತು ಬರೆದನು; 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದನು. ಲ್ಯಾಟಿನ್ನಿನಲ್ಲಿ ಜೇನು ‘ಮೆಲ್’; ಅದರಿಂದ ‘ಮೆಲಿಟಸ್’ ಎಂಬ ವಿಶೇಷಣ ಕೂಡಿಕೊಂಡಿತು. ಚರಕಸಂಹಿತೆಯ ನಿದಾನಸ್ಥಾನವಾದರೋ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಮೇಹದ ಪೂರ್ವರೂಪಗಳಲ್ಲಿ ಬಹು ಹಿಂದೆಯೇ ಹೇಳಿತ್ತು.

ಸಕ್ಕರೆಯ ಕಥೆ ಇನ್ನೂ ಸ್ವಾರಸ್ಯಕರ. ‘ಶರ್ಕರಾ’ ಎಂದರೆ ಮೊದಲಿಗೆ ಮರಳು, ಹರಳು. ಹರಳುಹರಳಾದ ಸಿಹಿಗೂ ಅದೇ ಹೆಸರಾಯಿತು. ಪದವು ಪರ್ಷಿಯಾ, ಅರಬಸ್ತಾನಗಳನ್ನು ದಾಟಿ ‘ಶುಗರ್’ ಆಗಿ ಮರಳಿ ನಮ್ಮ ಬಾಯಿಗೆ ಬಂದಿದೆ. ಆದರೆ ವೈದ್ಯಗ್ರಂಥಗಳ ಅಶ್ಮರೀ ಪ್ರಕರಣದಲ್ಲಿ ‘ಶರ್ಕರಾ’ ಎಂದರೆ ಮೂತ್ರಮಾರ್ಗದ ಕಲ್ಲಿನ ಪುಡಿ. ಅಲ್ಲಿ ಹೇಳಿದ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುವವರಿದ್ದಾರೆ.

ಹೆಸರನ್ನು ನಂಬಿ ಇರುವೆಗಾಗಿ ಕಾಯುವುದು ಇನ್ನೂ ಅಪಾಯ. ಸಾಮಾನ್ಯವಾಗಿ ರಕ್ತದ ಗ್ಲೂಕೋಸ್ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರದಲ್ಲಿ ಸಕ್ಕರೆ ಕಾಣುತ್ತದೆ. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ, ಅದು ಮಧುಮೇಹವೇ. ಮೂತ್ರ ಶುದ್ಧವಾಗಿದ್ದರೂ ರೋಗವಿರಬಹುದು. ಚರಕರು ಕಾರಣಗಳನ್ನು ಹೇಳುವಾಗ ಬೆಲ್ಲದ ತಿನಿಸುಗಳನ್ನು ಸೇರಿಸಿರುವರಾದರೂ ಮೊದಲು ಹೆಸರಿಸಿರುವುದು ಕುಳಿತಿರುವ ಸುಖ ಮತ್ತು ನಿದ್ರೆಯ ಸುಖಗಳನ್ನು. ಸಕ್ಕರೆ ಬಿಟ್ಟು ದಿನವಿಡೀ ಗಾದಿಯ ಮೇಲೆ ಕುಳಿತವರು ಇದನ್ನು ಗಮನಿಸಬೇಕು.

ಸಿಹಿರೋಗಕ್ಕೆ ಕಹಿಯೇ ಮದ್ದೆಂಬ ತರ್ಕವೂ ಈ ಹೆಸರಿನದೇ ಕೂಸು. ಬೇವು, ಹಾಗಲ, ಅಮೃತಬಳ್ಳಿಗಳಿಗೆ ಚಿಕಿತ್ಸೆಯಲ್ಲಿ ಸ್ಥಾನವಿದೆ, ನಾನೂ ಕೊಡುತ್ತೇನೆ. ಆದರೆ ಹಾಗಲಕಾಯಿ ರಸವನ್ನು ನೆಚ್ಚಿ ಇನ್ಸುಲಿನ್ ನಿಲ್ಲಿಸುವುದನ್ನು ಯಾವ ವೈದ್ಯನೂ ಒಪ್ಪಲಾರನು. ಆ ಪದದ ಮೂಲವು ಲ್ಯಾಟಿನ್ನಿನ ‘ಇನ್ಸುಲಾ’, ದ್ವೀಪ. 1869ರಲ್ಲಿ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ನಡುಗಡ್ಡೆಗಳಂತೆ ಚದುರಿದ ಜೀವಕೋಶಗಳ ಗುಂಪುಗಳನ್ನು ಕಂಡನು. ಇನ್ಸುಲಿನ್ ಸ್ರವಿಸುವುದು ಅಲ್ಲಿಂದಲೇ. ಕೆಲವು ಮಕ್ಕಳಲ್ಲಿ ಆ ಕೋಶಗಳು ನಾಶವಾಗಿರುತ್ತವೆ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಚುಚ್ಚುಮದ್ದು ಕೊಡುವವರೆಗೆ ಅಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಮನೆಯಲ್ಲಿ ಅಂಥ ಮಗುವಿದ್ದರೆ, ಹಬ್ಬವಿರಲಿ ಜಾತ್ರೆಯಿರಲಿ, ಒಂದು ದಿನವೂ ಇನ್ಸುಲಿನ್ ತಪ್ಪಿಸಬಾರದು.