ಟ್ಯಾಗೋರ್ ಕಡಲತೀರದ ಚಾಪೆಲ್

ಅಂಕೋಲಾ ಕಡೆಯಿಂದ ಕಾರವಾರಕ್ಕೆ ಬರುವವರಿಗೆ ಟ್ಯಾಗೋರ್ ಕಡಲತೀರದ ಬಳಿ ಹೆದ್ದಾರಿಯ ಪಕ್ಕದಲ್ಲೇ ಬೂದುಬಣ್ಣದ ಯುದ್ಧನೌಕೆಯೊಂದು ಕಾಣುತ್ತದೆ. ಅದೇ ಐಎನ್ಎಸ್ ಚಾಪೆಲ್, ಸೋವಿಯತ್ ರಷ್ಯಾದ ‘ಓಸಾ–2’ ಮಾದರಿಯ ಕ್ಷಿಪಣಿ ದೋಣಿ. ಉದ್ದ 39 ಮೀಟರನ್ನೂ ಮುಟ್ಟುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಜಪಾನಿನ ಫುಬುಕಿ ಮಾದರಿಯ ಡೆಸ್ಟ್ರಾಯರುಗಳು ಆರು ಫಿರಂಗಿ, ಒಂಬತ್ತು ಟಾರ್ಪಿಡೊ ಕೊಳವೆಗಳನ್ನು ಹೊರಲು ಇದರ ಮೂರು ಪಟ್ಟು ಉದ್ದ ಬೆಳೆಯಬೇಕಾಯಿತು. ಅಂಥ ಹಡಗನ್ನೂ ದೂರದಿಂದಲೇ ಮುಳುಗಿಸುವ ಕಸುವು ಈ ಪುಟ್ಟ ದೋಣಿಗಿತ್ತು.

ಕಸುವಿದ್ದದ್ದು ಡೆಕ್ಕಿನ ಮೇಲಿನ ನಾಲ್ಕು ದಪ್ಪ ಕೊಳವೆಗಳಲ್ಲಿ. ಒಂದೊಂದರಲ್ಲೂ ಎರಡು ಟನ್ನಿಗೂ ಹೆಚ್ಚು ತೂಕದ ಒಂದು ಸ್ಟಿಕ್ಸ್ ಕ್ಷಿಪಣಿ ಇರುತ್ತಿತ್ತು. ಹಾರಿದ ಕೂಡಲೇ ಹೊಟ್ಟೆಯಡಿಯ ಬೂಸ್ಟರ್ ಉರಿದು ಕಳಚಿ ಬೀಳುತ್ತದೆ, ಮುಂದಿನ ದಾರಿಗೆ ದ್ರವ ಇಂಧನದ ರಾಕೆಟ್. ಗುರಿ ಹತ್ತಿರವಾದಾಗ ಮೂತಿಯೊಳಗಿನ ರಾಡಾರ್ ಕಣ್ಣು ತೆರೆದು ತಾನೇ ಹಡಗನ್ನು ಹುಡುಕಿಕೊಳ್ಳುತ್ತದೆ. ಸ್ಫೋಟಕವೇ ಅರ್ಧ ಟನ್ನಿನಷ್ಟು.

1967ರ ಅಕ್ಟೋಬರ್ 21ರಂದು ಈಜಿಪ್ಟಿನ ದೋಣಿಗಳು ಇದೇ ಕ್ಷಿಪಣಿಯಿಂದ ಇಸ್ರೇಲಿನ ಡೆಸ್ಟ್ರಾಯರ್ ಐಲಾತ್ ಅನ್ನು ಮುಳುಗಿಸಿದವು.

ನಾಲ್ಕು ವರ್ಷದ ಬಳಿಕ, 1971ರ ಡಿಸೆಂಬರ್ 4ರ ರಾತ್ರಿ, ಭಾರತದ ಕ್ಷಿಪಣಿ ದೋಣಿಗಳಾದ ನಿಪಾತ್, ನಿರ್ಘಾತ್ ಮತ್ತು ವೀರ್ ಕರಾಚಿಯತ್ತ ನುಗ್ಗಿದವು. ಈ ದೋಣಿಗಳ ಇಂಧನ ಹೆಚ್ಚು ದೂರಕ್ಕೆ ಸಾಲದು. ಹಾಗಾಗಿ ಅವನ್ನು ದೊಡ್ಡ ಹಡಗುಗಳು ಹಗ್ಗ ಕಟ್ಟಿ ಎಳೆದೊಯ್ದಿದ್ದವು. ನಿರ್ಘಾತದ ಎರಡು ಕ್ಷಿಪಣಿಗಳಿಗೆ ಪಾಕಿಸ್ತಾನದ ಡೆಸ್ಟ್ರಾಯರ್ ಖೈಬರ್ ಬಲಿಯಾಯಿತು. ಮೊದಲ ಪೆಟ್ಟು ಬಿದ್ದಾಗ ಅದರ ನಾವಿಕರು ವಿಮಾನ ದಾಳಿಯೆಂದೇ ತಿಳಿದು ಹಾಗೆಂದೇ ಸಂದೇಶ ಕಳಿಸಿದರು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಆ ದಾಳಿಯಲ್ಲಿ ಚಾಪೆಲ್ ಇರಲಿಲ್ಲ. ಅದು ನೌಕಾಪಡೆ ಸೇರಿದ್ದೇ 1976ರ ನವೆಂಬರಿನಲ್ಲಿ. ಗುರುತು ಹಿಡಿಯುವುದೂ ಸುಲಭ: ಕರಾಚಿಗೆ ಹೋದ ಹಳೆಯ ದೋಣಿಗಳಲ್ಲಿ ಕ್ಷಿಪಣಿಯ ಗೂಡು ಚೌಕಾಕಾರದ್ದು. ರೆಕ್ಕೆ ಮಡಚುವ ಹೊಸ ಸ್ಟಿಕ್ಸ್ ಬಂದ ಮೇಲೆ ಗೂಡು ದುಂಡಗಾಯಿತು. ಕರಾಚಿಯ ಕೀರ್ತಿ ಆ ಮೂರು ದೋಣಿಗಳ ನಾವಿಕರಿಗೇ ಸಲ್ಲಬೇಕು. ಚಾಪೆಲ್‌ನ ದೊಡ್ಡತನಕ್ಕೆ ಅದರ ಯಂತ್ರವೇ ಸಾಕು. ಮೂರು ಡೀಸೆಲ್ ಎಂಜಿನ್, ಪ್ರತಿಯೊಂದರಲ್ಲೂ ನಕ್ಷತ್ರದಂತೆ ಏಳೇಳಾಗಿ ಎಂಟು ಸಾಲು, ಒಟ್ಟು 56 ಸಿಲಿಂಡರ್. ಒಂದೊಂದು ಎಂಜಿನ್ನಿನ ಬಲ ಸುಮಾರು 5,000 ಅಶ್ವಶಕ್ತಿ. ಇನ್ನೂರು ಟನ್ನಿಗೂ ಮೀರಿದ ದೋಣಿಯನ್ನು ಗಂಟೆಗೆ 70 ಕಿ.ಮೀ.ಯಷ್ಟು ವೇಗದಲ್ಲಿ ಓಡಿಸಲು ಇಷ್ಟು ಬೇಕಿತ್ತು.

ಚಾಪೆಲ್ ನಿವೃತ್ತಿಯಾದದ್ದು 2005ರ ಮೇ 5ರಂದು. ಅದೇ ತಿಂಗಳ 31ರಂದು, ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಳ್ಳಿಗರು ಮನೆ, ಗದ್ದೆ ಬಿಟ್ಟುಕೊಟ್ಟ ನೆಲದಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಮರುವರ್ಷ ಚಾಪೆಲ್ ವಸ್ತುಸಂಗ್ರಹಾಲಯವಾಯಿತು.